ಶಾಸನವಿಲ್ಲದ ಕೋಟೆಯ ವಯಸ್ಸು



ಕೋಟೆ ಎಂದ ಕೂಡಲೇ ನಿಮ್ಮ ಕಣ್ಮುಂದೆ ಬರುವುದು ಕಲ್ಲಿನ ಗೋಡೆ, ಬುರುಜು, ಹೆಬ್ಬಾಗಿಲು. ಇಂದು ನಾನು ಹೇಳಹೊರಟಿರುವುದು ಮಣ್ಣಿನ ಕೋಟೆಯ ಕಥೆ. ದಕ್ಷಿಣ ಇಂಗ್ಲೆಂಡಿನ ಡಾರ್ಚೆಸ್ಟರ್ ಪಟ್ಟಣದ ಬಳಿ ಸೀಮೆಸುಣ್ಣದಂಥ ಬಿಳಿ ಕಲ್ಲಿನ ಗುಡ್ಡವೊಂದಿದೆ. ಹೆಸರು ಮೇಡನ್ ಕ್ಯಾಸಲ್. ಅಲ್ಲಿನ ಪ್ರಾಚೀನ ಜನರು ಗುಡ್ಡದ ಸುತ್ತ ಕಂದಕ ತೋಡಿ, ತೆಗೆದ ಮಣ್ಣನ್ನೇ ಪಕ್ಕದಲ್ಲಿ ಎತ್ತರದ ದಿಬ್ಬವಾಗಿ ಒಟ್ಟಿದರು. ಹೀಗೆ ಒಂದರ ಹಿಂದೆ ಒಂದು, ಸಾಲು ಸಾಲು. ಒಳಗಿನ ಜಾಗವೇ ಸುಮಾರು 47 ಎಕರೆ! (ನಮ್ಮ ಕಂದಕ ಮತ್ತು ಉರ್ದುವಿನ ಖಂದಕ್ ಒಂದೇ ಪದವೆಂದು ಹೇಳಿದರೆ ಎರಡೂ ತರಗತಿಗಳ ಮಕ್ಕಳು ಹಿಗ್ಗುತ್ತಾರೆ.)

ಇದನ್ನು ಕಟ್ಟಿದವರು ಯಾರು, ಯಾವಾಗ? ಕಟ್ಟಿದವರು ಒಂದಕ್ಷರವನ್ನೂ ಬರೆದಿಟ್ಟಿಲ್ಲ. 1934ರಿಂದ 1937ರವರೆಗೆ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಪತ್ನಿ ಟೆಸ್ಸಾ ಅವರದೂ ಸಮಪಾಲಿನ ದುಡಿಮೆ; ಕೆಲಸ ಮುಗಿಯುವ ಮೊದಲೇ, 1936ರಲ್ಲಿ, ಆಕೆ ತೀರಿಕೊಂಡರು. ನೆಲವನ್ನು ಚೌಕ ಚೌಕವಾಗಿ ಅಗೆದು, ನಡುವೆ ಮಣ್ಣಿನ ಪಟ್ಟಿಗಳನ್ನು ಹಾಗೆಯೇ ಬಿಟ್ಟು, ಅವುಗಳ ಬದಿಯಲ್ಲಿ ಪದರಗಳನ್ನು ಓದುವುದು ಅವರ ಕ್ರಮ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು.

ಪದರಗಳು ತಿಳಿಸಿದ್ದೇನೆಂದರೆ, ಈ ಕೋಟೆಗೆ ಒಂದೇ ಹುಟ್ಟಿದ ದಿನವಿಲ್ಲ. ಈಗಿನ ಲೆಕ್ಕದಂತೆ ಗುಡ್ಡದ ಮೇಲೆ ಮೊದಲ ಅಗೆತ ನಡೆದದ್ದು 5,500 ವರ್ಷಗಳ ಹಿಂದೆ. ಕೋಟೆ ಎದ್ದದ್ದು ಬಹಳ ಕಾಲದ ಮೇಲೆ, ಕ್ರಿ.ಪೂ. 600ರ ಸುಮಾರಿಗೆ. ಇನ್ನೂ ಒಂದೂವರೆ ಶತಮಾನದ ನಂತರ ಅದನ್ನು ಮೂರುಪಟ್ಟು ಹಿಗ್ಗಿಸಿದರು.

ಪೂರ್ವದ ಬಾಗಿಲ ಬಳಿ ಐವತ್ತಕ್ಕೂ ಹೆಚ್ಚು ಜನರ ಅಸ್ಥಿಗಳು ಸಿಕ್ಕವು. ಕೆಲವು ತಲೆಬುರುಡೆಗಳ ಮೇಲೆ ಕತ್ತಿಯ ಗಾಯ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬ್ರಿಟನ್ನಿಗೆ ನುಗ್ಗಿತ್ತಲ್ಲ, ಆ ದಾಳಿಯಲ್ಲಿ ಕೋಟೆ ಕಾಯುತ್ತ ಮಡಿದವರಿವರು ಎಂದು ವೀಲರ್ ನಿರ್ಧರಿಸಿದರು. ಎಂಥ ರೋಮಾಂಚಕ ಕಥೆ! ವೀಲರ್ ಒಳ್ಳೆಯ ಬರಹಗಾರ. ಕಥೆ ಪುಸ್ತಕಗಳಲ್ಲಿ ಬೇರೂರಿತು. ಸಂಶಯ ಎತ್ತಿದವರು ಇದ್ದರು, ಆದರೂ ಅದು ಅಲುಗಲಿಲ್ಲ.

2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಮೂಳೆಗಳ ಹೊಸ ಇಂಗಾಲ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಜೀವಿ ಸತ್ತ ಮೇಲೆ ಅದರಲ್ಲಿನ ಇಂಗಾಲ-14 ಒಂದು ನಿಶ್ಚಿತ ವೇಗದಲ್ಲಿ ಕಡಿಮೆಯಾಗುತ್ತದೆ. ಉಳಿದಿದ್ದನ್ನು ಅಳೆದರೆ ಕಾಲ ತಿಳಿಯುತ್ತದೆ. ಇವರೆಲ್ಲ ಒಂದೇ ದಿನ ಸತ್ತವರಲ್ಲ. ಕ್ರಿ.ಪೂ. ಒಂದನೇ ಶತಮಾನದ ಕೊನೆಯಿಂದ ಕ್ರಿ.ಶ. ಒಂದನೇ ಶತಮಾನದ ಆರಂಭದವರೆಗೆ, ತಲೆಮಾರುಗಳ ಅಂತರದಲ್ಲಿ ಸತ್ತವರು. ಕೊಂದವರು ಬಹುಶಃ ಅದೇ ನೆಲದವರು, ಒಳಜಗಳದಲ್ಲಿ. ವೀಲರ್ ಅವರನ್ನು ಹಳಿಯುವಂತಿಲ್ಲ, ಅವರು ಅಗೆದಾಗ ಈ ಪರೀಕ್ಷೆಯೇ ಇರಲಿಲ್ಲ. ಆದರೆ ಬುರುಡೆಯ ಗಾಯ ಕಂಡದ್ದು ಕಣ್ಣಿಗೆ. ರೋಮನ್ನರ ಹೆಸರು ಬಂದದ್ದು ಊಹೆಯಿಂದ. ಓದುವಾಗ ಈ ಎರಡನ್ನೂ ಬೇರೆ ಮಾಡಿ ನೋಡುವುದನ್ನು ನೀವು ಈಗಲೇ ರೂಢಿಸಿಕೊಳ್ಳಬೇಕು. ನಮ್ಮೂರ ದಿಬ್ಬಗಳನ್ನೂ "ಪಾಂಡವರದ್ದು", "ಟಿಪ್ಪು ಕಾಲದ್ದು" ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ!

ಇದೇ ವೀಲರ್ 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. 1947ರಲ್ಲಿ ನಮ್ಮ ಬ್ರಹ್ಮಗಿರಿಯಲ್ಲಿ ಅಗೆದರು. ಕೆಳಗೆ ಕಲ್ಲಿನ ಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾಸಮಾಧಿಯವರು, ಅದರ ಮೇಲೆ ಶಾತವಾಹನರ ಕಾಲದವರು ಎಂದು ಮೂರು ಪದರ ಗುರುತಿಸಿದರು. ಅವರು ಕೊಟ್ಟ ಕಾಲವನ್ನು ಮುಂದಿನ ಇಂಗಾಲ ಪರೀಕ್ಷೆಗಳು ಶತಮಾನಗಳಷ್ಟು ಹಿಂದಕ್ಕೆ ಒಯ್ದವು. ಪದರಗಳ ಕ್ರಮ ಮಾತ್ರ ಇಂದಿಗೂ ನಿಂತಿದೆ.

ಬ್ರಹ್ಮಗಿರಿ ಇರುವುದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಶಾಲಾ ಪ್ರವಾಸವೆಂದರೆ ದುರ್ಗದ ಕೋಟೆ ನೋಡಿ ಬಸ್ಸು ಹತ್ತುತ್ತೇವೆ. ಈ ವರ್ಷ ಅಶೋಕನ ಶಾಸನವಿರುವ ಆ ಗುಡ್ಡಕ್ಕೂ ಹೋಗೋಣ. ಮಕ್ಕಳು ಒಂದೊಂದು ನೋಟ್‌ಬುಕ್ ಹಿಡಿದು ಬರಲಿ.