ತಾರಸಿ ತೋಟಕ್ಕೆ ಮಾಗಿಯ ರಾತ್ರಿ

ಚಳಿಗಾಲದಲ್ಲಿ ಲಂಡನ್ನಿನ ಮನೆತೋಟಗಳಲ್ಲಿ ಕೆಲಸ ಹೆಚ್ಚಿರುವುದಿಲ್ಲ. ಡಿಸೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಆ ಬಿಸಿಲೂ ತೀರಾ ಓರೆಯಾಗಿ, ಬಲವಿಲ್ಲದೆ ಬೀಳುತ್ತದೆ. ಕೆಲವು ರಾತ್ರಿ ಮಣ್ಣಿನ ಮೇಲ್ಪದರವೇ ಹೆಪ್ಪುಗಟ್ಟುತ್ತದೆ. ಹೆಚ್ಚಿನ ಗಿಡಗಳು ಬೆಳವಣಿಗೆ ನಿಲ್ಲಿಸಿ ವಸಂತಕ್ಕಾಗಿ ಕಾಯುತ್ತವೆ.

ಬೆಂಗಳೂರಿನಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆಯೇ ನಮ್ಮ ತಾರಸಿಯ ಕುಂಡಗಳಿಗೆ ಒಳ್ಳೆಯ ಕಾಲ ಶುರುವಾಗುವುದು. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಪಾಲಕ್, ಮೂಲಂಗಿ, ಕ್ಯಾರೆಟ್, ಬಟಾಣಿ, ನವಿಲುಕೋಸು ಎಲ್ಲವೂ ಚೆನ್ನಾಗಿ ಬರುತ್ತವೆ. ಮಕ್ಕಳೇ, ನಾವು ಸ್ವೆಟರ್ ಹಾಕಿಕೊಂಡು ಮುದುಡಿ ಕೂರುವ ಕಾಲದಲ್ಲಿ ಈ ಗಿಡಗಳಿಗೆ ಇಷ್ಟೊಂದು ಹುರುಪು ಎಲ್ಲಿಂದ ಬರುತ್ತದೆ?

ಮೊದಲು ಹಗಲನ್ನು ನೋಡೋಣ. ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ ಇರುತ್ತದೆ. ವರ್ಷದ ಅತಿ ದೊಡ್ಡ ಹಗಲು, ಅಂದರೆ ಜೂನ್ 21ರದ್ದು, 13 ಗಂಟೆಗೆ ತುಸು ಕಡಿಮೆ. ನಡುವಿನ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಜೂನ್ ತಿಂಗಳಲ್ಲಿ ಮೋಡ ಮುಸುಕಿರುತ್ತದೆ, ಮಾಗಿಯಲ್ಲಿ ಆಕಾಶ ತಿಳಿಯಾಗಿರುತ್ತದೆ. ಆದ್ದರಿಂದ ಗಿಡಕ್ಕೆ ಬೆಳಕಿನ ಕೊರತೆ ಇಲ್ಲ. ಜನವರಿಯ ಮಧ್ಯಾಹ್ನ ಸರಾಸರಿ 28 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗಿರುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ದೊಡ್ಡ ಚಳಿಯೂ, 1884ರ ಜನವರಿಯಲ್ಲಿ, 7.8 ಡಿಗ್ರಿ. ನೀರು ಹೆಪ್ಪುಗಟ್ಟುವ ಸೊನ್ನೆಯಿಂದ ಅದೂ ದೂರವೇ. ಹೀಗೆ ನಮ್ಮ ಹಗಲು ಅಷ್ಟೇನೂ ಬದಲಾಗುವುದಿಲ್ಲ. ಬದಲಾಗುವುದು ರಾತ್ರಿ. ಅದು ತಣ್ಣಗಾಗುತ್ತದೆ, ತಿಳಿಯಾಗುತ್ತದೆ, ತುಸು ಉದ್ದವೂ ಆಗುತ್ತದೆ. ಮಾಗಿಯ ತೋಟದಲ್ಲಿ ನಡೆಯುವ ಬಹಳಷ್ಟು ಸಂಗತಿಗಳು ನಾವು ಹೊದ್ದು ಮಲಗಿರುವಾಗ ಆಗುವಂಥವು.

ತಣ್ಣನೆಯ ರಾತ್ರಿ ಏನು ಮಾಡುತ್ತದೆ? ಗಿಡ ಬಿಸಿಲಿನಲ್ಲಿ ತನ್ನ ಎಲೆಯೊಳಗೆ ಸಕ್ಕರೆ ತಯಾರಿಸುತ್ತದೆ ಎಂದು ನೀವು ಓದಿದ್ದೀರಿ. ಆದರೆ ಗಿಡವೂ ನಮ್ಮ ಹಾಗೆ ಉಸಿರಾಡುತ್ತದೆ, ಉಸಿರಾಟಕ್ಕೆ ಅದೇ ಸಕ್ಕರೆಯನ್ನು ಸುಡುತ್ತದೆ. ಸಂಪಾದನೆ ಹಗಲಿನಲ್ಲಿ ಮಾತ್ರ, ಖರ್ಚು ಹಗಲೂ ರಾತ್ರಿಯೂ ಇರುವ ಒಂದು ಸಂಸಾರವನ್ನು ನೆನೆಸಿಕೊಳ್ಳಿ. ರಾತ್ರಿಯ ಖರ್ಚು ಕಡಿಮೆಯಾದಷ್ಟೂ ಉಳಿತಾಯ ಹೆಚ್ಚು. ಗಿಡದ ಉಸಿರಾಟದ ವೇಗ 10 ಡಿಗ್ರಿ ಉಷ್ಣತೆ ಏರಿದರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಏಪ್ರಿಲ್ ರಾತ್ರಿ ಸುಮಾರು 22 ಡಿಗ್ರಿಗೆ ಇಳಿದರೆ ಜನವರಿಯ ರಾತ್ರಿ ಸುಮಾರು 16ಕ್ಕೆ ಇಳಿಯುತ್ತದೆ. ಆ ಆರು ಡಿಗ್ರಿಯ ಅಂತರ ಪ್ರತಿ ರಾತ್ರಿಯೂ ಒಂದಿಷ್ಟು ಸಕ್ಕರೆ ಉಳಿಸುತ್ತದೆ. ಉಳಿದದ್ದು ಕ್ಯಾರೆಟ್ಟಿನಲ್ಲಿ ಬೇರಿಗೆ ಹೋಗುತ್ತದೆ, ಬಟಾಣಿಯಲ್ಲಿ ಕಾಳಿಗೆ ಹೋಗುತ್ತದೆ. ನವಿಲುಕೋಸಿನಲ್ಲಿ ಅದು ಕಾಂಡಕ್ಕೆ ಹೋಗುತ್ತದೆ. ಹೌದು, ನವಿಲುಕೋಸಿನ ಗೆಡ್ಡೆ ಬೇರಲ್ಲ, ಊದಿಕೊಂಡ ಕಾಂಡ. ನಂಬಿಕೆ ಬಾರದಿದ್ದರೆ ಅದರ ಮೈಮೇಲಿನ ಎಲೆಯ ತೊಟ್ಟುಗಳನ್ನೂ ತೊಟ್ಟು ಬಿದ್ದ ಗುರುತುಗಳನ್ನೂ ನೋಡಿ. ಎಲೆ ಹುಟ್ಟುವುದು ಕಾಂಡದಿಂದಲೇ ಹೊರತು ಬೇರಿನಿಂದಲ್ಲ.

ಬಟಾಣಿಯ ಬಗ್ಗೆ ಒಂದು ಮಾತು. ಬಳ್ಳಿಯಿಂದ ಕಿತ್ತ ಕೂಡಲೇ ಕಾಳಿನಲ್ಲಿರುವ ಸಕ್ಕರೆ ಪಿಷ್ಟವಾಗಿ ಮಾರ್ಪಡಲು ಶುರುವಾಗುತ್ತದೆ. ಮಾರುಕಟ್ಟೆಯಿಂದ ಮನೆಗೆ ಬರುವಷ್ಟರಲ್ಲಿ ಸಿಹಿಯ ಒಂದು ಪಾಲು ಹೋಗಿರುತ್ತದೆ. ಕುಂಡದ ಬಟಾಣಿಯಿಂದ ನಾಲ್ಕು ಕಾಯಿ ಸಿಕ್ಕರೂ ಸಾಕು, ಅಡುಗೆಮನೆವರೆಗೂ ಒಯ್ಯಬೇಡಿ. ಗಿಡದ ಪಕ್ಕದಲ್ಲೇ ನಿಂತು ಸುಲಿದು ತಿನ್ನಿ. ಅಂಥ ಬಟಾಣಿಯ ರುಚಿ ಒಮ್ಮೆ ಸಿಕ್ಕ ಮಗು ಮುಂದಿನ ವರ್ಷ ತಾನಾಗಿಯೇ ಬೀಜ ಕೇಳುತ್ತದೆ ಎಂಬುದು ನನ್ನ ನಂಬಿಕೆ.

ಈ ತಂಪು ನಮ್ಮ ನಾಡಿನಲ್ಲೆಲ್ಲ ಒಂದೇ ಸಮ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ತಂಪು. ಬೀದರ್, ವಿಜಯಪುರದ ಮಕ್ಕಳು ಇನ್ನೂ ಗಡಗಡ ನಡುಗುವ ರಾತ್ರಿಗಳನ್ನು ಕಾಣುತ್ತಾರೆ. ಮಂಗಳೂರಿನಲ್ಲಿ ಸಮುದ್ರ ರಾತ್ರಿಯೂ ಗಾಳಿಯನ್ನು ಬೆಚ್ಚಗೆ ಇಡುತ್ತದೆ, ಹಾಗಾಗಿ ಅಲ್ಲಿ ಈ ಕಾಲಕ್ಕೆ ಕ್ಯಾರೆಟ್ಟಿಗಿಂತ ಹರಿವೆ, ಅಲಸಂದೆ ಸುಲಭ.

ಇನ್ನು ತಿಳಿಯಾದ ರಾತ್ರಿಯ ವಿಷಯ. ಹಗಲಿನಲ್ಲಿ ಕಾದ ನೆಲ, ಎಲೆ, ತಾರಸಿ ಎಲ್ಲವೂ ರಾತ್ರಿ ತಮ್ಮ ಶಾಖವನ್ನು ನಮ್ಮ ಕಣ್ಣಿಗೆ ಕಾಣದ ಕಿರಣಗಳಾಗಿ ಆಕಾಶದ ಕಡೆಗೆ ಕಳುಹಿಸುತ್ತಲೇ ಇರುತ್ತವೆ. ಮೋಡವಿದ್ದರೆ ಅದು ಆ ಶಾಖವನ್ನು ಹೀರಿ ಒಂದು ಪಾಲನ್ನು ಕೆಳಗೆ ವಾಪಸು ಕಳುಹಿಸುತ್ತದೆ. ಮೋಡವಿಲ್ಲದಿದ್ದರೆ ಶಾಖ ಹೋದದ್ದು ಹೋಯಿತು. ತೆಳ್ಳಗಿನ ಎಲೆ ಬೇಗ ತಣ್ಣಗಾಗುತ್ತದೆ, ಎಷ್ಟೋ ಸಲ ಸುತ್ತಲಿನ ಗಾಳಿಗಿಂತಲೂ ತಣ್ಣಗೆ. ಗಾಳಿಯಲ್ಲಿರುವ ನೀರಾವಿ ಆ ತಂಪು ಎಲೆಯನ್ನು ತಾಕಿ ಹನಿಯಾಗುತ್ತದೆ. ಅದೇ ಇಬ್ಬನಿ.

ಇಬ್ಬನಿ ಆಕಾಶದಿಂದ ಉದುರುತ್ತದೋ, ನೆಲದಿಂದ ಏಳುತ್ತದೋ ಎಂದು ಜನ ಬಹಳ ಕಾಲ ವಾದ ಮಾಡಿದ್ದಾರೆ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ ವೈದ್ಯರು ಅದನ್ನು ರಾತ್ರಿಯಿಡೀ ತೋಟದಲ್ಲಿ ಕೂತು ಪರೀಕ್ಷಿಸಿ 1814ರಲ್ಲಿ ಒಂದು ಪುಸ್ತಕ ಬರೆದರು. ಅವರ ಉಪಕರಣ ತೀರಾ ಸರಳ: ಕಾಲುಗಳ ಮೇಲೆ ನಿಲ್ಲಿಸಿದ ಒಂದು ಹಲಗೆ, ಅದರ ಮೇಲೊಂದು ಕೆಳಗೊಂದು ಸಮತೂಕದ ಉಣ್ಣೆಯ ತುಪ್ಪಳು. ಬೆಳಿಗ್ಗೆ ತೂಗಿದಾಗ ಆಕಾಶಕ್ಕೆ ಮುಖ ಮಾಡಿದ್ದ ಉಣ್ಣೆ ಹೆಚ್ಚು ಒದ್ದೆಯಾಗಿತ್ತು. ಆಕಾಶ ಕಾಣದಂತೆ ಹಲಗೆಯ ಅಡಿಯಲ್ಲಿದ್ದ ಉಣ್ಣೆ ಅಷ್ಟು ತಣ್ಣಗಾಗಿರಲಿಲ್ಲ, ಅಷ್ಟು ಒದ್ದೆಯೂ ಆಗಿರಲಿಲ್ಲ.

ನೀವೂ ಇದನ್ನು ಮಾಡಬಹುದು. ಎರಡು ಹತ್ತಿಯ ಉಂಡೆ, ಒಂದು ಸ್ಟೂಲು. ಒಂದನ್ನು ಸ್ಟೂಲಿನ ಮೇಲಿಡಿ, ಇನ್ನೊಂದನ್ನು ಅಡಿಗೆ. ಡಿಸೆಂಬರಿನ ಗಾಳಿಯಿಲ್ಲದ, ನಕ್ಷತ್ರ ಕಾಣುವ ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಬಿಸಿಲೇರುವ ಮುನ್ನ ಮುಟ್ಟಿ ನೋಡಿ. ಜೊತೆಗೆ ಒಂದು ಟೊಮೆಟೊ ಕುಂಡವನ್ನು ಬಯಲಿನಲ್ಲೂ ಇನ್ನೊಂದನ್ನು ಸಜ್ಜೆಯ ಕೆಳಗೂ ಇಡಿ. ಎರಡಕ್ಕೂ ಹಿಂದಿನ ದಿನ ಚೆನ್ನಾಗಿ ನೀರು ಹಾಕಿರಬೇಕು. ಬಯಲಿನ ಗಿಡದ ಎಲೆಯ ಮೇಲೆಲ್ಲ ಸಣ್ಣ ಹನಿಗಳ ಪದರ ಇರುತ್ತದೆ. ಸಜ್ಜೆಯ ಕೆಳಗಿನ ಗಿಡದಲ್ಲಿ ಆ ಪದರ ಇಲ್ಲದಿದ್ದರೂ ಎಲೆಯ ಅಂಚಿನಲ್ಲಿ, ನರಗಳು ಕೊನೆಯಾಗುವ ತುದಿಗಳಲ್ಲಿ, ದುಂಡನೆಯ ಹನಿಗಳು ಕಾಣಬಹುದು. ಅವು ಇಬ್ಬನಿಯಲ್ಲ! ರಾತ್ರಿ ಎಲೆಯ ರಂಧ್ರಗಳು ಮುಚ್ಚಿಕೊಂಡಿದ್ದರೂ ಬೇರು ನೀರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಆ ನೀರು ಅಂಚಿನ ಪುಟ್ಟ ಬಾಗಿಲುಗಳಿಂದ ಹೊರಬರುತ್ತದೆ. ಎಲೆಯ ಮೇಲಿನ ಒಂದು ಹನಿ ಗಾಳಿಯಿಂದ ಬಂದದ್ದು, ಇನ್ನೊಂದು ಮಣ್ಣಿನಿಂದ ಬಂದದ್ದು. ಯಾವುದು ಯಾವುದೆಂದು ಅದು ನಿಂತ ಜಾಗ ನೋಡಿ ಹೇಳಲು ಬರುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಇಬ್ಬನಿಯಿಂದ ತೋಟಕ್ಕೆ ತೊಂದರೆಯೂ ಇದೆ. ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಹಲವು ಶಿಲೀಂಧ್ರಗಳು ಅಲ್ಲಿ ಮೊಳೆಯುತ್ತವೆ. ಅದಕ್ಕೇ ಮಾಗಿಯಲ್ಲಿ ಸಂಜೆ ನೀರು ಹಾಕಬಾರದು. ಬೆಳಿಗ್ಗೆ ಹಾಕಿ, ಎಲೆಗಲ್ಲ, ಬುಡಕ್ಕೆ ಹಾಕಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ಒಣಗಿದ್ದರೆ ಮಾತ್ರ ಹಾಕಿ, ಏಕೆಂದರೆ ಚಳಿಯಲ್ಲಿ ಮಣ್ಣು ನಿಧಾನವಾಗಿ ಒಣಗುತ್ತದೆ. ಬಟಾಣಿ ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಕಂಡರೆ ಅದು ಬೂದಿ ರೋಗ. ಇದು ಮಾತ್ರ ವಿಚಿತ್ರ ಶಿಲೀಂಧ್ರ, ಮೊಳೆಯಲು ಇದಕ್ಕೆ ಎಲೆಯ ಮೇಲೆ ನೀರೇ ಬೇಡ. ಒಣ ಹಗಲು, ತೇವದ ತಂಪು ರಾತ್ರಿ ಅದಕ್ಕೆ ಬಲು ಇಷ್ಟ. ಅಂಥ ಎಲೆಗಳನ್ನು ಕಂಡ ಕೂಡಲೇ ಕಿತ್ತು ತೆಗೆಯಿರಿ, ಗಿಡಗಳ ನಡುವೆ ಗಾಳಿಯಾಡಲು ಜಾಗ ಬಿಡಿ.

ಬಿತ್ತುವ ಕೆಲಸದಲ್ಲಿ ಕೊತ್ತಂಬರಿಯಿಂದ ಶುರುಮಾಡಿ. ಸಾಂಬಾರ ಡಬ್ಬಿಯ ಧನಿಯವೇ ಬೀಜ, ಹುರಿದಿರಬಾರದು ಅಷ್ಟೆ. ಒಂದು ಕಾಳು ನೋಡಲು ಒಂದೇ ಬೀಜದಂತಿದ್ದರೂ ಅದು ನಿಜಕ್ಕೂ ಎರಡು ಬೀಜಗಳಿರುವ ಪುಟ್ಟ ಹಣ್ಣು. ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿದರೆ ಎರಡು ಹೋಳಾಗುತ್ತದೆ, ಒಂದೊಂದು ಹೋಳೂ ಒಂದೊಂದು ಗಿಡ. ಮೆಂತ್ಯ ನಾಲ್ಕು ದಿನದೊಳಗೆ ತಲೆ ಎತ್ತುತ್ತದೆ. ಕೊತ್ತಂಬರಿಗೆ ಒಂದೂವರೆ ವಾರವಾದರೂ ಬೇಕು, ಚಳಿ ಜೋರಾಗಿದ್ದರೆ ಇನ್ನೂ ಹೆಚ್ಚು. ಕೆದಕಿ ನೋಡದೆ ಕಾಯಬೇಕು. ಕ್ಯಾರೆಟ್ ಬೀಜವನ್ನು ಬೆಳೆಯುವ ಕುಂಡಕ್ಕೇ ನೇರವಾಗಿ ಬಿತ್ತಿ. ಕಿತ್ತು ನೆಟ್ಟರೆ ಬೇರಿನ ತುದಿ ಮುರಿದು ಎರಡು ಕಾಲಿನ ಕ್ಯಾರೆಟ್ ಬರುತ್ತದೆ. ಮಣ್ಣಿನಲ್ಲಿ ಕಲ್ಲಿದ್ದರೂ ಹಾಗೆಯೇ.

ಕುಂಡ ಎಲ್ಲಿಡಬೇಕು ಎಂಬುದಕ್ಕೆ ಸೂರ್ಯನನ್ನೇ ಕೇಳಬೇಕು. ಡಿಸೆಂಬರಿನಲ್ಲಿ ಬೆಂಗಳೂರಿನ ಸೂರ್ಯ ನಡುಹಗಲಿನಲ್ಲೂ ನೆತ್ತಿಗೆ ಬರುವುದಿಲ್ಲ. ದಕ್ಷಿಣದ ಕಡೆಗೆ ವಾಲಿ, ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ಹಾಗಾಗಿ ತಾರಸಿಯ ದಕ್ಷಿಣದ ಅಂಚಿನಲ್ಲಿ ಒಂದು ಮೀಟರ್ ಎತ್ತರದ ಗೋಡೆ ಇದ್ದರೆ ಅದರ ನೆರಳು ಮಧ್ಯಾಹ್ನವೂ ಮುಕ್ಕಾಲು ಮೀಟರ್ ಒಳಕ್ಕೆ ಬೀಳುತ್ತದೆ. ಮೇ ತಿಂಗಳಲ್ಲಿ ಅದೇ ಗೋಡೆಯ ಬುಡ ಬಿಸಿಲಲ್ಲಿ ಕಾಯುತ್ತಿರುತ್ತದೆ. ಕುಂಡಗಳನ್ನು ಆ ಗೋಡೆಯಿಂದ ಸರಿಸಿ ಉತ್ತರದ ಕಡೆಗೆ ಇಡಿ. ಭಾನುವಾರಕ್ಕೊಮ್ಮೆ ನಡುಹಗಲಿನಲ್ಲಿ ಗೋಡೆಯ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದರೆ ಸೂರ್ಯ ದಕ್ಷಿಣಕ್ಕೆ ಹೋಗಿ ಮತ್ತೆ ಉತ್ತರಕ್ಕೆ ಹೊರಳುವುದು ನಿಮ್ಮ ತಾರಸಿಯ ಮೇಲೇ ದಾಖಲಾಗುತ್ತದೆ.

ತೋಟದ ಎಲ್ಲರಿಗೂ ಈ ಕಾಲ ಹಿಡಿಸುವುದಿಲ್ಲ. ತುಳಸಿ ಎಲೆ ಉದುರಿಸಿ ಬಡವಾಗುತ್ತದೆ, ಮಲ್ಲಿಗೆ ಮೊಗ್ಗು ನಿಲ್ಲಿಸುತ್ತದೆ, ಕರಿಬೇವು ಚಿಗುರುವುದಿಲ್ಲ, ಬೆಂಡೆ ಕುಂಟುತ್ತದೆ. ಗಾಬರಿಯಿಂದ ಅವಕ್ಕೆ ಹೆಚ್ಚು ನೀರು, ಗೊಬ್ಬರ ಸುರಿಯಬೇಡಿ. ಬೆಳೆಯದ ಗಿಡ ಹೆಚ್ಚು ನೀರು ಕುಡಿಯದು, ಬೇರು ಕೊಳೆಯುತ್ತದೆ. ಫೆಬ್ರವರಿ ಕಳೆಯಲಿ, ತಾವಾಗಿಯೇ ಚಿಗುರುತ್ತವೆ.

ಕೊನೆಗೆ ಉದ್ದವಾದ ರಾತ್ರಿ. ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಇದೇ. ಮಾಗಿ ಎಂದರೆ ನಮ್ಮ ಕಡೆ ಅವರೆಕಾಯಿ. ಹಿತಕಿದ ಬೇಳೆ ಸಾರು, ಸಂಕ್ರಾಂತಿಗೆ ಬೇಯಿಸಿದ ಅವರೆಕಾಯಿ, ವಿ.ವಿ. ಪುರದ ಅವರೆ ಮೇಳ, ಮಾಗಡಿ ಕಡೆಯಿಂದ ಬರುವ ಮೂಟೆಗಳು, ಕೈಗೆ ಅಂಟಿಕೊಳ್ಳುವ ಆ ಸೊಗಡು. ಇಬ್ಬನಿ ಬಿದ್ದ ಮೇಲಿನ ಕಾಯಿಗೇ ಸೊಗಡು ಹೆಚ್ಚು ಎನ್ನುತ್ತಾರೆ ಬೆಳೆಯುವವರು. ಆದರೆ ನಾಟಿ ಅವರೆ ಮಾಗಿಗೇ ಏಕೆ ಕಾಯಬೇಕು? ಜುಲೈಯಲ್ಲಿ ಬಿತ್ತಿದರೆ ಬಳ್ಳಿ ಉದ್ದುದ್ದ ಹಬ್ಬುತ್ತದೆಯೇ ಹೊರತು ಹೂ ಬಿಡಲು ಆತುರಪಡುವುದಿಲ್ಲ. ತಡವಾಗಿ ಬಿತ್ತಿದರೆ ಗಿಡ ಚಿಕ್ಕದಿರುವಾಗಲೇ ಹೂ ಬರುತ್ತದೆ. ಅಂದರೆ ಹೂ ಬಿಡುವ ಹೊತ್ತನ್ನು ಅದು ತನ್ನ ವಯಸ್ಸಿನಿಂದ ಮಾತ್ರ ಲೆಕ್ಕ ಹಾಕುತ್ತಿಲ್ಲ.

ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳಿಗೆ ಒಂದು ಬಗೆಯ ಹೊಗೆಸೊಪ್ಪಿನ ಗಿಡ ಇದೇ ಸಮಸ್ಯೆ ಒಡ್ಡಿತ್ತು. ಬೇಸಿಗೆಯುದ್ದಕ್ಕೂ ಅದು ಎತ್ತರಕ್ಕೆ ಬೆಳೆಯುತ್ತಿತ್ತು, ಹೂ ಮಾತ್ರ ಇಲ್ಲ. ಅವರು ಕುಂಡಗಳನ್ನು ದಿನವೂ ಸಂಜೆಗೆ ಮುಂಚೆಯೇ ಕತ್ತಲೆ ಕೋಣೆಗೆ ಒಯ್ದು, ಬೆಳಿಗ್ಗೆ ತಡವಾಗಿ ಹೊರತಂದರು. ಹಗಲು ಚಿಕ್ಕದಾಯಿತು, ಬೇಸಿಗೆಯಲ್ಲೇ ಹೂ ಬಂತು! ಈ ಸಂಶೋಧನೆ ಪ್ರಕಟವಾದದ್ದು 1920ರಲ್ಲಿ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಒಂದು ಕಳೆಗಿಡಕ್ಕೆ ಉದ್ದನೆಯ ರಾತ್ರಿ ಕೊಟ್ಟು, ನಡುರಾತ್ರಿ ಸ್ವಲ್ಪ ಹೊತ್ತು ಮಾತ್ರ ದೀಪ ಹಚ್ಚಿದರು. ಹೂ ಬರಲೇ ಇಲ್ಲ. ಗಿಡ ಅಳೆಯುತ್ತಿದ್ದದ್ದು ಹಗಲನ್ನಲ್ಲ, ಅಡೆತಡೆಯಿಲ್ಲದ ಕತ್ತಲನ್ನು ಎಂಬುದು ಆಗ ಗೊತ್ತಾಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣವಸ್ತು ಬೆಳಕು ಬಿದ್ದಾಗ ಒಂದು ರೂಪ, ಕತ್ತಲಲ್ಲಿ ಇನ್ನೊಂದು ರೂಪ ತಾಳಿ ಈ ಅಳತೆಗೆ ನೆರವಾಗುತ್ತದೆ.

ನಮ್ಮ ನಾಟಿ ಅವರೆಯಂತೆ ಸೇವಂತಿಗೆಯೂ ಹೂ ಬಿಡಲು ಉದ್ದನೆಯ ಕತ್ತಲಿಗೆ ಕಾಯುವ ಗುಂಪಿನದು. ಬೆಂಗಳೂರಿನ ಸುತ್ತಮುತ್ತ ಕೆಲವು ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ಬಲ್ಬು ಉರಿಯುವುದನ್ನು ನೀವು ಬಸ್ಸಿನಿಂದ ನೋಡಿರಬಹುದು. ಗಿಡ ಎತ್ತರಕ್ಕೆ ಬೆಳೆಯುವ ತನಕ ಮೊಗ್ಗು ಕಟ್ಟದಿರಲಿ ಎಂದು ರೈತರು ಕತ್ತಲನ್ನು ತುಂಡು ಮಾಡುವ ಉಪಾಯ ಅದು. ಅವರೆಯಲ್ಲಿ ತಳಿ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳು ರಾತ್ರಿಯ ಉದ್ದವನ್ನು ಲೆಕ್ಕಿಸದೆ ಹೂ ಬಿಡುತ್ತವೆ. ವರ್ಷದ ಬೇರೆ ತಿಂಗಳಲ್ಲೂ ಅವರೆ ಸಿಗುವುದು ಅವುಗಳಿಂದ.

ನಿಮ್ಮ ಮನೆಯ ಬಾಲ್ಕನಿಗೆ ಬೀದಿದೀಪದ ಬೆಳಕು ಬೀಳುತ್ತದೆಯೇ? ಹಾಗಿದ್ದರೆ ನಿಮಗೆ ಒಂದು ಪ್ರಯೋಗಶಾಲೆ ಪುಕ್ಕಟೆ ಸಿಕ್ಕಂತೆ. ನಾಟಿ ಅವರೆಯ ಬೀಜ ಹುಡುಕಿ, ಎರಡು ಕುಂಡಗಳಲ್ಲಿ ಒಂದೇ ದಿನ ಬಿತ್ತಿ. ಹಗಲಿಡೀ ಎರಡನ್ನೂ ಒಂದೇ ಬಿಸಿಲಿನಲ್ಲಿ ಇಡಿ, ಒಂದೇ ಅಳತೆಯ ನೀರು ಕೊಡಿ. ಕತ್ತಲಾದ ಮೇಲೆ ಒಂದನ್ನು ದೀಪದ ಬೆಳಕು ನೇರ ಬೀಳುವ ಕಡೆ, ಇನ್ನೊಂದನ್ನು ಪೂರ್ತಿ ಕತ್ತಲಿರುವ ಮೂಲೆಯಲ್ಲಿ ಇಟ್ಟು ಬೆಳಿಗ್ಗೆ ಮತ್ತೆ ಒಟ್ಟಿಗೆ ತನ್ನಿ. ಮೊದಲ ಮೊಗ್ಗು ಯಾವ ಕುಂಡದಲ್ಲಿ, ಯಾವ ದಿನ ಕಂಡಿತು, ಆಗ ಬಳ್ಳಿ ಎಷ್ಟು ಉದ್ದವಿತ್ತು ಎಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಎರಡರಲ್ಲೂ ಒಂದೇ ದಿನ ಬಂದರೆ ಅದನ್ನೂ ಹಾಗೇ ಬರೆಯಿರಿ. ಬಹುಶಃ ದೀಪ ತೀರಾ ಮಂಕಾಗಿರಬಹುದು, ಇಲ್ಲವೇ ಬೀಜ ಹೊಸ ತಳಿಯದ್ದಿರಬಹುದು. ಯಾವುದು ಕಾರಣ ಎಂದು ತಿಳಿಯಲು ಮುಂದಿನ ಸಲ ಏನನ್ನು ಬದಲಾಯಿಸಬೇಕು ಎಂದು ಯೋಚಿಸಿ, ಒಂದಿಷ್ಟು ಬೀಜ ಎತ್ತಿಟ್ಟುಕೊಳ್ಳಿ.