ಕುಂಚದ ಆರೈಕೆ, ಹಳ್ಳದ ಕಾಳಜಿ

(ಉಪನ್ಯಾಸದ ಬರಹರೂಪ)



ಅಣೆಕಟ್ಟು, ಗಣಿ, ನೆಡುತೋಪುಗಳ ವಿಚಾರ ಚರ್ಚೆಯಾಗುವ ವೇದಿಕೆಯಲ್ಲಿ ಮುಖಕ್ಕೆ ಬಣ್ಣ ಹಚ್ಚುವ ಕುಂಚದ ವಿಷಯ ಕ್ಷುಲ್ಲಕವೆಂದು ತೋರಬಹುದು. ಆದರೆ ಮಲೆನಾಡಿನ ಹಳ್ಳಿಗಳಿಗೂ ಈ ಕುಂಚ ಅಪರಿಚಿತವಲ್ಲ. ಯಕ್ಷಗಾನದ ಚೌಕಿಯಲ್ಲಿ ಅದಿದೆ. ಶಾಲೆಯ ವಾರ್ಷಿಕೋತ್ಸವದ ನೇಪಥ್ಯದಲ್ಲಿ ಅದಿದೆ. ಮದುವೆಮನೆಯಲ್ಲಿ, ಪೇಟೆಯ ಬ್ಯೂಟಿ ಪಾರ್ಲರಿನಲ್ಲಿ, ಕಾಲೇಜು ವಿದ್ಯಾರ್ಥಿನಿಯರ ಕೈಚೀಲದಲ್ಲಿಯೂ ಇದೆ. ಅದು ಯಾವುದರಿಂದ ಆಗಿದೆ, ಎಷ್ಟು ಕಾಲ ಬಾಳುತ್ತದೆ, ತೊಳೆದ ನೀರು ಎಲ್ಲಿ ಸೇರುತ್ತದೆ ಎಂಬ ಮೂರೂ ಪರಿಸರದ ಪ್ರಶ್ನೆಗಳೇ.

ಮೊದಲನೆಯದು ಮೂಲದ ಪ್ರಶ್ನೆ. ಮುಖಕ್ಕೆ ಬಳಸುವ ಕುಂಚಗಳ ಎಳೆ ಆಡು, ಅಳಿಲು, ಕುದುರೆಯಂಥ ಪ್ರಾಣಿಗಳ ರೋಮವಾಗಿರಬಹುದು. ಇಲ್ಲವೇ ನೈಲಾನ್, ಪಾಲಿಯೆಸ್ಟರ್ ಆಗಿರಬಹುದು. ಹುಬ್ಬು, ನಾಮ ಬರೆಯಲು ಚಿತ್ರಕಲೆಯ ಸಣ್ಣ ಕುಂಚವನ್ನೇ ಬಳಸುವುದೂ ಉಂಟು. ಚಿತ್ರಕಲೆಯ ಕುಂಚಗಳ ಹಿಂದೆ ಕ್ರೂರವಾದ ಕಥೆಯೊಂದಿದೆ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಪಡೆದ ಪ್ರಾಣಿ. ಆದರೂ ಅದರ ರೋಮಕ್ಕಾಗಿ ಕಳ್ಳಬೇಟೆ ನಡೆಯುತ್ತ ಬಂದಿದೆ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ದೇಶದ ಹಲವೆಡೆ ದಾಳಿ ನಡೆಸಿ, ಸಾವಿರಾರು ಕುಂಚಗಳೊಂದಿಗೆ 100 ಕಿಲೋಗ್ರಾಮಿಗೂ ಮಿಕ್ಕ ರೋಮವನ್ನು ವಶಪಡಿಸಿಕೊಂಡಿತು. ಒಂದು ಮುಂಗುಸಿಯಿಂದ ದೊರೆಯುವ ರೋಮ ಹೆಚ್ಚೆಂದರೆ 40 ಗ್ರಾಂ. ಅಂದರೆ ಆ ರೋಮವೊಂದಕ್ಕೇ ಕನಿಷ್ಠ 2,500 ಪ್ರಾಣಿಗಳು ಬಲಿಯಾಗಿದ್ದವು. ಯಾವ ಪ್ರಾಣಿಯ ಕೂದಲೆಂದು ಅಂಗಡಿಯವರು ಹೇಳಲಾರದ ಕುಂಚವನ್ನು ಕೊಳ್ಳದಿರುವುದೇ ಲೇಸು.

ಹಾಗೆಂದು ನೈಲಾನ್ ಕುಂಚ ನಿರ್ದೋಷಿಯಲ್ಲ. ಅದು ಪ್ರಾಣಿಯನ್ನು ಕೊಲ್ಲದು; ಆದರೆ ಎಸೆದ ಮೇಲೆ ಮಣ್ಣಿನಲ್ಲಿ ಕರಗದು. ಆದುದರಿಂದ ಹೊಸದನ್ನು ಹುಡುಕುವುದಕ್ಕಿಂತ ಇರುವ ಕುಂಚವನ್ನು ವರ್ಷಗಟ್ಟಲೆ ಬಾಳಿಸುವುದು ಉತ್ತಮ. ಬಾಳಿಕೆಗೆ ಬೇಕಾದುದು ದುಬಾರಿ ದ್ರಾವಣವಲ್ಲ, ನಿಯಮಿತವಾದ ಆರೈಕೆ.

ಆರೈಕೆಯಿಲ್ಲದ ಕುಂಚ ಆರೋಗ್ಯಕ್ಕೂ ಕುತ್ತು. ಚರ್ಮದ ಎಣ್ಣೆ, ಬೆವರು, ಸತ್ತ ಜೀವಕೋಶ, ಹಳೆಯ ಬಣ್ಣಗಳು ಎಳೆಗಳ ನಡುವೆ ಸೇರಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ. ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಳಕೆಯಲ್ಲಿದ್ದ ಹತ್ತು ಪ್ರಸಾಧನ ಸಾಮಗ್ರಿಗಳಲ್ಲಿ ಸುಮಾರು ಒಂಬತ್ತರಲ್ಲಿ ರೋಗಕಾರಕ ಬ್ಯಾಕ್ಟೀರಿಯಾ ಇದ್ದವು; ಬಣ್ಣ ಹರಡುವ ಸ್ಪಂಜುಗಳಲ್ಲಿ ಶೇ. 93ರಷ್ಟನ್ನು ಒಮ್ಮೆಯೂ ತೊಳೆದಿರಲಿಲ್ಲ. ಚರ್ಮದ ಸೋಂಕು, ಕೆಂಗಣ್ಣುಗಳು ಒಬ್ಬರಿಂದ ಒಬ್ಬರಿಗೆ ದಾಟಲು ಒಂದೇ ಕುಂಚ ಸಾಕು. ಸ್ವಂತ ಬಳಕೆಯ ಕುಂಚವನ್ನು ಏಳರಿಂದ ಹತ್ತು ದಿನಕ್ಕೊಮ್ಮೆ ತೊಳೆಯಬೇಕೆಂಬುದು ಚರ್ಮವೈದ್ಯರ ಸಲಹೆ. ಹಲವರ ಮುಖಕ್ಕೆ ಬಳಸುವಲ್ಲಿ ಪ್ರತಿ ಮುಖದ ನಂತರವೂ ತೊಳೆಯಬೇಕು. ಕಣ್ಣಿನ ಕುಂಚವನ್ನಂತೂ ಹಂಚಿಕೊಳ್ಳಲೇಬಾರದು.

ತೊಳೆಯುವ ಕ್ರಮ ಸರಳವಾಗಿದೆ. ಮೊದಲು ಒಣ ಹಳೆಬಟ್ಟೆಗೆ ಕುಂಚವನ್ನು ಒತ್ತಿ ಒರೆಸಬೇಕು. ಬಣ್ಣದ ಹೆಚ್ಚಿನ ಪಾಲು ಬಟ್ಟೆಯಲ್ಲೇ ಉಳಿಯುತ್ತದೆ. ಎಣ್ಣೆಯಲ್ಲಿ ಕಲಸಿದ ಬಣ್ಣವಾದರೆ ಒಂದೆರಡು ಹನಿ ತೆಂಗಿನೆಣ್ಣೆ ಹಚ್ಚಿ ಮತ್ತೊಮ್ಮೆ ಒರೆಸಬೇಕು. ಎಣ್ಣೆಯನ್ನು ಬಿಡಿಸುವುದು ಎಣ್ಣೆಯೇ. ಬಳಿಕ ಬಟ್ಟಲಿನಲ್ಲಿ ಉಗುರುಬೆಚ್ಚನೆಯ ನೀರು ತೆಗೆದುಕೊಂಡು, ಎಳೆಗಳ ತುದಿಯನ್ನಷ್ಟೇ ಅದ್ದಿ, ಅಂಗೈಯಲ್ಲಿ ಸೌಮ್ಯವಾದ ಸೋಪಿನ ನೊರೆ ಮಾಡಿ ಮೆಲ್ಲನೆ ಸುತ್ತಿಸಬೇಕು. ಎಳೆ ಮತ್ತು ಹಿಡಿಯನ್ನು ಕೂಡಿಸುವ ಲೋಹದ ಪಟ್ಟಿಯೊಳಗೆ ನೀರು ಇಳಿಯಬಾರದು. ಇಳಿದರೆ ಅಂಟು ಸಡಿಲವಾಗಿ ಎಳೆಗಳು ಉದುರುತ್ತವೆ, ಮರದ ಹಿಡಿ ಉಬ್ಬಿ ಬಿರಿಯುತ್ತದೆ. ಕುದಿನೀರಿನಲ್ಲಿ ಅದ್ದುವುದು, ರಾತ್ರಿಯಿಡೀ ನೆನೆಸುವುದು ಎರಡೂ ಕುಂಚದ ಆಯುಷ್ಯವನ್ನು ತಗ್ಗಿಸುತ್ತವೆ. ನೀರು ತಿಳಿಯಾಗುವವರೆಗೆ ಜಾಲಿಸಿ, ಹಿಂಡಿ, ಬೆರಳಿನಿಂದ ಮೊದಲಿನ ಆಕಾರ ಕೊಡಬೇಕು.

ಮಲೆನಾಡಿನ ನಿಜವಾದ ಸಮಸ್ಯೆ ಒಣಗಿಸುವುದು. ಮಳೆಗಾಲದ ತೇವದಲ್ಲಿ ಅರೆ ಒಣಗಿದ ಕುಂಚಕ್ಕೆ ಬೂಸ್ಟು ಹಿಡಿಯಲು ತಡವಾಗದು. ಕುಂಚವನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ನೀರು ಬುಡಕ್ಕಿಳಿಯುತ್ತದೆ. ಮೇಜಿನ ಅಂಚಿನಿಂದ ಎಳೆಗಳು ಹೊರಚಾಚುವಂತೆ ಮಲಗಿಸಬೇಕು, ಇಲ್ಲವೇ ತಲೆಕೆಳಗಾಗಿ ತೂಗುಹಾಕಬೇಕು. ಒಲೆಯ ಝಳ, ಹೊಗೆ ತಾಗದ, ಗಾಳಿಯಾಡುವ ಜಾಗ ಒಳ್ಳೆಯದು. ಮಳೆಗಾಲದಲ್ಲಿ ಬೆಳಿಗ್ಗೆಯೇ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿಡದೆ ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ಯೋಗ್ಯ.

ಇನ್ನು ಉಳಿದುದು ತೊಳೆದ ನೀರು. ‘ರಾಸಾಯನಿಕ ಸೋಪು ಬೇಡ, ಅಂಟುವಾಳ ಸಾಕು’ ಎನ್ನುವವರ ಮಾತಿನಲ್ಲಿ ಹುರುಳಿದೆ. ರೇಷ್ಮೆ, ಉಣ್ಣೆಯನ್ನು ಒಗೆಯುತ್ತ ಬಂದ ಅಂಟುವಾಳದ ನೊರೆ ರೋಮದ ಎಳೆಗಳಿಗೂ ಹಿತ. ಕಣ್ಣಿಗೆ ಮಾತ್ರ ಉರಿ, ಆದ್ದರಿಂದ ಚೆನ್ನಾಗಿ ಜಾಲಿಸಬೇಕು. ಆದರೆ ಸಸ್ಯಜನ್ಯವಾದುದೆಲ್ಲ ನಿರಪಾಯಕಾರಿ ಎಂಬ ಭಾವನೆ ತಪ್ಪು. ಅಂಟುವಾಳದ ನೊರೆಗೆ ಕಾರಣವಾದ ಸಪೋನಿನ್ ಮೀನಿನ ಕಿವಿರುಗಳನ್ನು ಘಾಸಿಗೊಳಿಸುತ್ತದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ದೇವರ ಮೀನೆಂದು ಕಾಯುವ ನಾಡಿನಲ್ಲಿ, ಬೇಸಗೆಯ ಬತ್ತಿದ ಹಳ್ಳದ ಗುಂಡಿಗೆ ಸೋಪಿನ ನೀರನ್ನಾಗಲಿ ಅಂಟುವಾಳದ ನೀರನ್ನಾಗಲಿ ಸುರಿಯುವುದು ಸಲ್ಲದು. ಬಟ್ಟಲಿನ ನೀರು ಬಾವಿ, ಹಳ್ಳಗಳಿಂದ ದೂರದ ಇಂಗುಗುಂಡಿಗೆ ಸೇರಲಿ.

ಚೌಕಿಯ ಬಣ್ಣಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಪರಂಪರೆಯ ಮುಖವರ್ಣಿಕೆಯಲ್ಲಿ ಬಳಕೆಯಲ್ಲಿದ್ದ ಹಳದಿಯ ಅರದಾಳ ಆರ್ಸೆನಿಕ್‌ನ ಸಂಯುಕ್ತ; ಕೆಂಪಿನ ಇಂಗಳೀಕ ಪಾದರಸದ ಸಂಯುಕ್ತ. ಇವುಗಳ ಬದಲು ಸುರಕ್ಷಿತ ಬಣ್ಣಗಳನ್ನು ಆರಿಸುವುದು ಮೊದಲ ಹೆಜ್ಜೆ. ಹಳೆಯ ದಾಸ್ತಾನು ಇದ್ದಲ್ಲಿ ಆ ಕುಂಚವನ್ನು ಒರೆಸಿದ ಬಟ್ಟೆಯನ್ನು ಬಚ್ಚಲೊಲೆಗೆ ಹಾಕುವ ರೂಢಿ ನಿಲ್ಲಬೇಕು. ಸುಟ್ಟಾಗ ಇಂಗಳೀಕದಿಂದ ಪಾದರಸದ ಆವಿ, ಅರದಾಳದಿಂದ ಆರ್ಸೆನಿಕ್ ಹೊಗೆ ಏಳುತ್ತದೆ. ಅದನ್ನು ಮೊದಲು ಉಸಿರಾಡುವವರು ನೀರು ಕಾಯಿಸುವ ಮನೆಯ ಹೆಂಗಸರು, ಮಕ್ಕಳು. ಅಂಥ ಬಟ್ಟೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಪ್ರತ್ಯೇಕವಾಗಿಟ್ಟು, ಅಪಾಯಕಾರಿ ಕಸವೆಂದು ತಿಳಿಸಿಯೇ ಸ್ಥಳೀಯ ಸಂಸ್ಥೆಯವರಿಗೆ ಒಪ್ಪಿಸಬೇಕು.

ವಿದ್ಯಾರ್ಥಿಗಳು ಮುಂದಿನ ವಾರ್ಷಿಕೋತ್ಸವದಲ್ಲಿ ಇದನ್ನು ಆಚರಣೆಗೆ ತರಬಹುದು: ಒರೆಸಲು ಹಳೆಬಟ್ಟೆ, ತೊಳೆಯಲು ಎರಡು ಬಟ್ಟಲು, ನೀರು ಸುರಿಯಲು ಗುರುತಿಸಿದ ಒಂದು ಗುಂಡಿ, ಕಣ್ಣಿಗೆ ಬೇರೆ ಬೇರೆ ಕುಂಚ. ಖರ್ಚು ಅತ್ಯಲ್ಪ. ಹೊಳೆ ಉಳಿಸಿರೆಂದು ಸರಕಾರವನ್ನು ಕೇಳುವ ಊರು ತನ್ನ ಬಚ್ಚಲಿನ ನೀರಿಗೂ ಉತ್ತರದಾಯಿಯಾದರೆ ಆ ಬೇಡಿಕೆಗೆ ಹೆಚ್ಚಿನ ಬಲ ಬರುತ್ತದೆ.