ಬೆಟ್ಟ ಎದ್ದ ಕಾಲಕ್ಕೆ ಮರಳಿನ ಸಾಕ್ಷಿ

ನಂಗಾ ಪರ್ಬತದ ತುದಿ ಸಮುದ್ರಮಟ್ಟದಿಂದ 8126 ಮೀಟರ್ ಎತ್ತರದಲ್ಲಿದೆ. ಅದರ ಬುಡವನ್ನು ಬಳಸಿಕೊಂಡು ಸಿಂಧೂ ನದಿ ಆಳವಾದ ಕಣಿವೆಯಲ್ಲಿ ಹರಿಯುತ್ತದೆ. ಬೆಟ್ಟ ಏರುತ್ತಿದ್ದಂತೆಯೇ ಹಿಮನದಿ, ಮಳೆ, ಭೂಕುಸಿತಗಳು ಅದನ್ನು ಸವೆಸುತ್ತಲೂ ಇವೆ. ಇವತ್ತು ಅಲ್ಲಿ ಬಿಸಿಲು ಕಾಣುತ್ತಿರುವ ಬಂಡೆಗಳು ಕೆಲವು ಲಕ್ಷ ವರ್ಷಗಳ ಹಿಂದೆ ಕಿಲೋಮೀಟರುಗಟ್ಟಲೆ ಆಳದಲ್ಲಿದ್ದವು. ಹಾಗಾದರೆ ಒಂದೂವರೆ ಕೋಟಿ ವರ್ಷದ ಹಿಂದೆ ಮೇಲಿದ್ದ ಬಂಡೆ ಎಲ್ಲಿ ಹೋಯಿತು?

ನದಿ ಹೊತ್ತೊಯ್ದಿತು. ಹಿಮಾಲಯದ ಹಳೆಯ ಚರಿತ್ರೆ ಬೇಕಾದವರು ಶಿಖರ ಹತ್ತಿದರಷ್ಟೇ ಸಾಲದು, ತಪ್ಪಲಿನ ಮರಳುಗಲ್ಲನ್ನೂ ಒಡೆದು ನೋಡಬೇಕು.

ಮರಳುಗಲ್ಲಿನ ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಜಿರ್ಕಾನ್ ಹರಳು ಸಿಗುತ್ತದೆ. ಗಾತ್ರದಲ್ಲಿ ತೀರ ಚಿಕ್ಕದು, ಆದರೆ ಬಲು ಗಟ್ಟಿ. ನದಿಯಲ್ಲಿ ನೂರಾರು ಕಿಲೋಮೀಟರ್ ಉರುಳಿದರೂ ಪುಡಿಯಾಗುವುದಿಲ್ಲ. ಅದರೊಳಗೆ ಅತ್ಯಲ್ಪ ಯುರೇನಿಯಂ ಇರುತ್ತದೆ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಎರಡನ್ನೂ ಅಳೆದರೆ ಹರಳು ಹುಟ್ಟಿದ ಕಾಲ ತಿಳಿಯುತ್ತದೆ. ಪಶ್ಚಿಮ ಕರ್ನಾಟಕದ ಸರಗೂರು ಶಿಲಾಸಮೂಹದಲ್ಲಿ, ಒಂದು ಕಾಲಕ್ಕೆ ಮರಳಾಗಿದ್ದ ಕಲ್ಲುಗಳಲ್ಲಿ, ಸುಮಾರು 358 ಕೋಟಿ ವರ್ಷ ಹಳೆಯ ಜಿರ್ಕಾನ್ ಸಿಕ್ಕಿರುವುದು ಹೀಗೆಯೇ. ಆದರೆ ಹರಳು ಹುಟ್ಟಿದ ಕಾಲ ಬೇರೆ, ಬೆಟ್ಟ ಎದ್ದ ಕಾಲ ಬೇರೆ. ಬೆಟ್ಟದ ಲೆಕ್ಕಕ್ಕೆ ಬೇಕಾದದ್ದು ಹರಳು ತಣ್ಣಗಾದ ಕಾಲ.

ಅದನ್ನು ತಿಳಿಸುವುದೂ ಯುರೇನಿಯಮ್ಮೇ. ಬಹು ಅಪರೂಪಕ್ಕೊಮ್ಮೆ ಅದರ ಪರಮಾಣು ಸೀಸದ ದಾರಿ ಹಿಡಿಯದೆ ಇಬ್ಭಾಗವಾಗಿ ಸಿಡಿಯುತ್ತದೆ. ಆ ಎರಡು ಚೂರುಗಳು ಹರಳನ್ನು ಸೀಳಿಕೊಂಡು ಹೋದಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಉದ್ದದ ಗೀಟು ಉಳಿಯುತ್ತದೆ. ಹರಳು ಬಿಸಿಯಾಗಿದ್ದಾಗ ಈ ಗೀಟುಗಳು ಮೂಡಿದಂತೆಯೇ ಮಾಯುತ್ತವೆ. ಜಿರ್ಕಾನ್‌ನಲ್ಲಿ ಅವು ಉಳಿಯತೊಡಗುವುದು ಉಷ್ಣತೆ ಸುಮಾರು 240 ಡಿಗ್ರಿಗಿಂತ ಕೆಳಗಿಳಿದ ಮೇಲೆ. ಅಪಟೈಟ್ ಎಂಬ ಇನ್ನೊಂದು ಖನಿಜದಲ್ಲಿ ಸುಮಾರು 110 ಡಿಗ್ರಿಗೆ. ನೆಲದೊಳಗೆ ಕಿಲೋಮೀಟರಿಗೆ 30 ಡಿಗ್ರಿಯಂತೆ ಬಿಸಿ ಏರುತ್ತದೆಂದರೆ, ಜಿರ್ಕಾನ್ ಎಣಿಕೆ ಶುರುಮಾಡುವುದು ಏಳೆಂಟು ಕಿಲೋಮೀಟರ್ ಆಳದಲ್ಲಿ. ಗೀಟುಗಳು ಹಾಗೇ ಕಣ್ಣಿಗೆ ಕಾಣವು. 1960ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಪ್ರೈಸ್ ಮತ್ತು ವಾಕರ್ ಅಭ್ರಕದ ಗೀಟುಗಳನ್ನು ಆಮ್ಲದಿಂದ ಕೊರೆಸಿ ಅಗಲಿಸಿದರು. ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಅವನ್ನು ಎಣಿಸುವಂತಾಯಿತು. ಗೀಟುಗಳ ಸಂಖ್ಯೆಯನ್ನು ಯುರೇನಿಯಮ್ಮಿನ ಪ್ರಮಾಣದ ಜೊತೆ ಹೋಲಿಸಿದರೆ ವಯಸ್ಸು ಬರುತ್ತದೆ.

ಇನ್ನು ಬೇಕಾದದ್ದು ಮರಳು ಪದರವಾಗಿ ಕೂತ ಕಾಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಶಿಲೆಗಳಲ್ಲಿ ಇದನ್ನು ಬಂಡೆಯಲ್ಲಿ ಉಳಿದ ಭೂಕಾಂತತೆಯ ದಿಕ್ಕಿನಿಂದ ಮತ್ತು ಜ್ವಾಲಾಮುಖಿ ಬೂದಿಯ ಪದರಗಳಿಂದ ಪತ್ತೆಹಚ್ಚಿದ್ದಾರೆ. ಹರಳು ತಣಿದ ಕಾಲಕ್ಕೂ ಪದರ ಕೂತ ಕಾಲಕ್ಕೂ ನಡುವಿನ ಅಂತರವೇ ಇಡೀ ವಿಧಾನದ ಜೀವಾಳ. ಅಂತರ 20 ಲಕ್ಷ ವರ್ಷವೆಂದರೆ, ಅಷ್ಟರೊಳಗೆ ಬಂಡೆ ಏಳೆಂಟು ಕಿಲೋಮೀಟರ್ ಮೇಲೇರಿ, ಸವೆದು, ನದಿಗೆ ಬಿದ್ದು, ಬಯಲು ಸೇರಿದೆ: ವರ್ಷಕ್ಕೆ ನಾಲ್ಕು ಮಿಲಿಮೀಟರಿನಷ್ಟು ವೇಗ. ವೇಗವಾಗಿ ಏಳುವ ಬೆಟ್ಟ ಒಳಗಿನ ಶಾಖವನ್ನೂ ಮೇಲಕ್ಕೆ ತರುವುದರಿಂದ ಈ ಅಂಕಿಯನ್ನು ತುಸು ಇಳಿಸಬೇಕಾಗುತ್ತದೆ. ಒಂದು ಎಚ್ಚರಿಕೆಯೂ ಬೇಕು. ಹರಳು ಹೇಳುವುದು ಬಂಡೆ ಮೇಲಕ್ಕೆ ಬಂದ ವೇಗವನ್ನು; ಆಗ ಶಿಖರ ಎಷ್ಟು ಮೀಟರ್ ಎತ್ತರವಿತ್ತೆಂಬುದನ್ನಲ್ಲ.

1988ರಲ್ಲಿ ಭೂವಿಜ್ಞಾನಿ ಸರ್ವೆನಿ ಮತ್ತು ಸಂಗಡಿಗರು ಈಗಿನ ಪಾಕಿಸ್ತಾನದ ಶಿವಾಲಿಕ್ ಮರಳುಗಲ್ಲುಗಳ ಮೇಲೆ ಮಾಡಿದ ಕೆಲಸ ಪ್ರಕಟವಾಯಿತು. ಒಂದೇ ಕಲ್ಲಿನಲ್ಲಿ ಬೇರೆಬೇರೆ ಬೆಟ್ಟಗಳಿಂದ ಬಂದ, ಬೇರೆಬೇರೆ ವಯಸ್ಸಿನ ಹರಳುಗಳು ಬೆರೆತಿರುತ್ತವೆ. ಆದರೂ ಕಳೆದ 1 ಕೋಟಿ 80 ಲಕ್ಷ ವರ್ಷಗಳ ಪದರಗಳಲ್ಲೆಲ್ಲ, ಇಂದಿನ ಸಿಂಧೂ ನದಿಯ ಮರಳಿನಲ್ಲಿಯೂ ಕೂಡ, ತಾವು ಕೂತ ಪದರಕ್ಕಿಂತ 10ರಿಂದ 50 ಲಕ್ಷ ವರ್ಷವಷ್ಟೇ ಹಳೆಯದಾದ ಜಿರ್ಕಾನ್‌ಗಳು ಸಿಕ್ಕವು. ಅಂದರೆ ನಂಗಾ ಪರ್ಬತದಂತೆ ಭರದಿಂದ ಏಳುವ ಒಂದಲ್ಲ ಒಂದು ಭಾಗ ಹಿಮಾಲಯದಲ್ಲಿ ಆಗಿನಿಂದಲೂ ಇದ್ದೇ ಇತ್ತು. ಇಂದಿನ ಶಿಖರಗಳನ್ನಷ್ಟೇ ನೋಡಿ ಯಾರಿಗೂ ಇದನ್ನು ಹೇಳಲಾಗುತ್ತಿರಲಿಲ್ಲ.

ಅಪಟೈಟ್ ಇಷ್ಟು ಗಟ್ಟಿ ಸಾಕ್ಷಿಯಲ್ಲ. ಶಿವಾಲಿಕ್‌ನ ಕೆಳಪದರಗಳು ಮೇಲಿನ ಮರಳಿನ ಭಾರದಡಿ ಕಿಲೋಮೀಟರುಗಟ್ಟಲೆ ಹೂತು ಮತ್ತೆ ಬಿಸಿಯಾಗಿದ್ದವು. ಅಲ್ಲಿನ ಅಪಟೈಟ್‌ನಲ್ಲಿ ಹಿಮಾಲಯದ ಗೀಟುಗಳು ಅಳಿಸಿಹೋಗಿ, ಶಿವಾಲಿಕ್ ಬೆಟ್ಟಗಳೇ ಮೇಲೆದ್ದ ಕಾಲದ ಗೀಟುಗಳು ಉಳಿದಿರಬಹುದು. ಗಂಗಾ-ಬ್ರಹ್ಮಪುತ್ರಗಳು ಬಂಗಾಳ ಕೊಲ್ಲಿಯ ತಳಕ್ಕೆ ಸಾಗಿಸಿದ ಮರಳು ಅಷ್ಟು ಕಾದಿಲ್ಲ. 1987ರಲ್ಲಿ ಶ್ರೀಲಂಕೆಯ ದಕ್ಷಿಣಕ್ಕೆ ಸಮಭಾಜಕ ವೃತ್ತದ ಬಳಿ ಸಮುದ್ರತಳವನ್ನು ಕೊರೆದು ತೆಗೆದ ಹಿಮಾಲಯದ ಮರಳಿನಲ್ಲಿಯೂ, ತಣಿದು ಹೆಚ್ಚು ಕಾಲವಾಗುವ ಮುನ್ನವೇ ಕಡಲು ಸೇರಿದ ಅಭ್ರಕದ ಚೂರುಗಳು ಕಂಡವು. 2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಬಂಗಾಳ ಕೊಲ್ಲಿಯಲ್ಲಿ, ಈ ಬಾರಿ 8 ಡಿಗ್ರಿ ಉತ್ತರ ಅಕ್ಷಾಂಶದ ಉದ್ದಕ್ಕೂ, ಏಳು ಕಡೆ ಮತ್ತೆ ಕೊರೆಯಿತು.